ಮಕ್ಕಳ ಮನಸ್ಸನ್ನು ಅರಿತ ಪಂಜೆಯವರು

ಜೀವನಚರಿತ್ರೆಯೆಂದೊಡನೆ ಯುದ್ಧ ಗೆದ್ದವರು, ರಾಜ್ಯ ಕಟ್ಟಿದವರು, ಸೆರೆಮನೆಗೆ ಹೋದವರು ನಮ್ಮ ಕಣ್ಣ ಮುಂದೆ ನಿಲ್ಲುತ್ತಾರೆ. ಪ್ರೈಮರಿ ಶಾಲೆಯ ನೆಲದ ಮೇಲೆ ಕುಳಿತು ಅಂಜುತ್ತಿದ್ದ ಮಗುವೊಂದನ್ನು ನಗಿಸಿದವರ ಚರಿತ್ರೆಯನ್ನು ಓದಬೇಕೆಂದು ನಮಗೆ ತೋರುವುದು ಅಪರೂಪ. ಆದರೆ ಒಂದು ನಾಡಿನ ಮಕ್ಕಳ ಅಂಜಿಕೆಯನ್ನು ಕಡಮೆ ಮಾಡುವುದೇನು ಸಣ್ಣ ಕೆಲಸವೆ? ಆ ಕೆಲಸವನ್ನು ತಮ್ಮ ಇಡೀ ಬಾಳಿನ ಉದ್ಯೋಗವಾಗಿ ಮಾಡಿಕೊಂಡಿದ್ದ ಪಂಜೆ ಮಂಗೇಶರಾಯರನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇನೆ.

ಇದಕ್ಕೆ ಕಾರಣವೂ ಇದೆ. ನಮ್ಮ ತರಗತಿಯ ಮಿತ್ರರಲ್ಲಿ ಅನೇಕರು ಮುಂದಿನ ವರ್ಷ ಬಿ.ಎಡ್. ಸೇರುವ ಯೋಚನೆಯಲ್ಲಿದ್ದಾರೆ, ನಾನೂ ಅವರಲ್ಲಿ ಒಬ್ಬ. ಪದವೀಧರ ಪ್ರಾಥಮಿಕ ಶಿಕ್ಷಕರಾಗಿ ಆರರಿಂದ ಎಂಟನೆಯ ತರಗತಿಯ ಮಕ್ಕಳ ಮುಂದೆ ನಿಲ್ಲುವ ಯೋಗ ನಮ್ಮಲ್ಲಿ ಕೆಲವರಿಗಾದರೂ ಬರಬಹುದು. ಮಕ್ಕಳ ಮಾನಸಿಕ ಆರೋಗ್ಯವೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದನ್ನು ಕಾಪಾಡುವುದರಲ್ಲಿ ಉಪಾಧ್ಯಾಯನು ಮಾಡಬಹುದಾದುದೇನು ಎಂಬ ಪ್ರಶ್ನೆಗೆ ಉತ್ತರವನ್ನು ದೂರದೇಶದ ಗ್ರಂಥಗಳಲ್ಲಿ ಹುಡುಕುವ ಮೊದಲು ನಮ್ಮವರೊಬ್ಬರ ಬದುಕಿನಲ್ಲಿ ಹುಡುಕೋಣವೆನ್ನಿಸಿತು.

ಪಂಜೆಯವರು ಹುಟ್ಟಿದುದು 1874ನೆಯ ಫೆಬ್ರವರಿ 22ರಂದು, ನೇತ್ರಾವತಿ ನದಿಯ ದಡದ ಬಂಟವಾಳದಲ್ಲಿ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ, ಮೇಲಿನ ವಿದ್ಯೆಯ ಮಾತು ಇಂಗ್ಲಿಷು. ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆದ ಹುಡುಗನಿಗೆ, ಮನೆಯ ಮಾತೊಂದು ಶಾಲೆಯ ಮಾತೊಂದು ಆದಾಗ ಮಗುವಿಗಾಗುವ ತಬ್ಬಿಬ್ಬು ಎಂಥದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ಮಕ್ಕಳಿಗಾಗಿ ಅವರು ಬರೆದ ಕನ್ನಡ ಅಷ್ಟು ತಿಳಿಯಾಗಿ, ನಾಲಗೆಗೆ ಅಷ್ಟು ಹಗುರವಾಗಿ ಇರುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ.

ಬಾಲ್ಯ ಸುಖದ್ದಾಗಿರಲಿಲ್ಲ. ತಂದೆ ರಾಮಪ್ಪಯ್ಯನವರು ಬೇಗನೆ ತೀರಿಕೊಂಡರು. ಸಂಸಾರದ ಭಾರ ಎಳೆಯ ಹೆಗಲಿಗೆ ಬಂದಿತು. ಮನೆಪಾಠ ಹೇಳಿ ಹಣ ಸಂಪಾದಿಸುತ್ತ ಮಂಗಳೂರಿನಲ್ಲಿ ವಿದ್ಯಾಭ್ಯಾಸ ಮುಂದುವರಿಸಿದರು. 1896ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ದುಡಿಯುತ್ತಲೇ ಓದಿ ಬಿ.ಎ. ಪದವಿಯನ್ನೂ ಪಡೆದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ರಜೆಯಲ್ಲಿ ಕೂಲಿ ಮಾಡಿ ಫೀಜು ಕಟ್ಟಿದವರು ಈ ಕಾಲೇಜಿನಲ್ಲಿ ನನ್ನಂತೆ ಎಷ್ಟೋ ಮಂದಿ ಇದ್ದಾರೆ. ಆದುದರಿಂದ ಪಂಜೆಯವರ ಬಾಳಿನ ಈ ಭಾಗವನ್ನು ಓದುವಾಗ ಅವರು ಬೇರೆಯ ಕಾಲದವರೆಂದು ನನಗೆ ಅನ್ನಿಸುವುದಿಲ್ಲ. ಕಷ್ಟಪಟ್ಟು ಮೇಲೆ ಬಂದವರಲ್ಲಿ ಎರಡು ಬಗೆಯುಂಟು. ತಾನು ಪಟ್ಟ ಪಾಡನ್ನು ಮುಂದಿನವರೂ ಪಡಲಿ, ಆಗಲೇ ಅವರಿಗೆ ಬುದ್ಧಿ ಬರುವುದು ಎನ್ನುವವರು ಒಂದು ಬಗೆ. ತನಗಾದುದು ಇನ್ನೊಬ್ಬರಿಗೆ ಬೇಡ ಎನ್ನುವವರು ಇನ್ನೊಂದು ಬಗೆ. ಪಂಜೆಯವರು ಎರಡನೆಯ ಬಗೆಗೆ ಸೇರಿದವರು.

ಸಾಹಿತ್ಯಚರಿತ್ರೆಯಲ್ಲಿ ಅವರಿಗೆ ದೊರೆತಿರುವ ಸ್ಥಾನವನ್ನು ನಮ್ಮ ಕನ್ನಡ ಅಧ್ಯಾಪಕರು ತರಗತಿಯಲ್ಲಿ ತಿಳಿಸಿಯೇ ಇದ್ದಾರೆ. ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರ ಸುಮಾರಿಗೆ ಪ್ರಕಟವಾದ ಅವರ ಕಥೆಗಳು ಕನ್ನಡದ ಮೊದಲ ಸಣ್ಣಕಥೆಗಳ ಸಾಲಿಗೆ ಸೇರುತ್ತವೆ. ತಮ್ಮ ಹೆಸರನ್ನು ಮುಂದೆ ಮಾಡದೆ ‘ಕವಿಶಿಷ್ಯ’, ‘ಹರಟೆಮಲ್ಲ’ ಮೊದಲಾದ ಹೆಸರುಗಳಲ್ಲಿ ಅವರು ಬರೆಯುತ್ತಿದ್ದರು. ತುಳುನಾಡಿನ ಪಾಡ್ದನಗಳಲ್ಲಿ ಉಳಿದು ಬಂದ ಕೋಟಿ ಚೆನ್ನಯರ ಕಥೆಯನ್ನು ಕನ್ನಡಕ್ಕೆ ತಂದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆದರೆ ನಾನಿಲ್ಲಿ ನೆನೆಯಬಯಸುವುದು ಶಾಲಾ ಇನ್‌ಸ್ಪೆಕ್ಟರಾಗಿದ್ದ ಪಂಜೆಯವರನ್ನು.

ಕಾಲೇಜಿನ ಕೆಲಸದ ತರುವಾಯ ಅವರು ವಿದ್ಯಾ ಇಲಾಖೆಯಲ್ಲಿ ಶಾಲೆಗಳ ಇನ್‌ಸ್ಪೆಕ್ಟರರ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಊರಿಗೆ ಊರೇ ನಡುಗುತ್ತಿತ್ತು. ಖಾಸಗಿ ಶಾಲೆಗಳಿಗೆ ಸರಕಾರದ ಗ್ರಾಂಟು ದೊರೆಯುವುದೂ ತಪ್ಪುವುದೂ ಅವರ ವರದಿಯ ಮೇಲೆ ನಿಂತಿತ್ತು. ಇನ್‌ಸ್ಪೆಕ್ಟರರ ಹೆದರಿಕೆ ಮೇಷ್ಟರಿಗೆ, ಮೇಷ್ಟರ ಹೆದರಿಕೆ ಮಕ್ಕಳಿಗೆ. ಮೇಲಿನಿಂದ ಸುರಿದ ಭಯವೆಲ್ಲ ಇಳಿಜಾರಿನ ನೀರಿನಂತೆ ಕೊನೆಗೆ ಬಂದು ನಿಲ್ಲುವುದು ಒಂದನೆಯ ತರಗತಿಯ ಮಗುವಿನಲ್ಲಿ. ಇಂಥ ಅಧಿಕಾರದ ಸ್ಥಾನದಲ್ಲಿ ಕುಳಿತ ಪಂಜೆಯವರು ಮಾಡಿದುದೇನು? ಶಾಲೆಗೆ ಹೋದವರೇ ಮಕ್ಕಳ ನಡುವೆ ನಿಂತು ಕಥೆ ಹೇಳುತ್ತಿದ್ದರು, ಹಾಡು ಹೇಳಿಕೊಡುತ್ತಿದ್ದರು, ಕೈ ಮೈ ಆಡಿಸಿ ಅಭಿನಯಿಸಿ ತೋರಿಸುತ್ತಿದ್ದರು. ಅವರು ಬರುವ ದಿನ ಮಕ್ಕಳಿಗೆ ಹಬ್ಬವಾಗಿರುತ್ತಿತ್ತೆಂದು ಅವರನ್ನು ಬಲ್ಲವರು ಹೇಳಿದ್ದಾರೆ. ಮೇಲಿನ ಅಧಿಕಾರಿಯೇ ಮಕ್ಕಳೊಡನೆ ಹಾಡಿದ ಮೇಲೆ ಕೆಳಗಿನ ಉಪಾಧ್ಯಾಯನು ಬೆತ್ತ ಹಿಡಿದು ನಿಲ್ಲುವುದಾದರೂ ಹೇಗೆ?

ಇಲ್ಲಿ ನಮ್ಮೂರಿನ ಒಂದು ಸಂಗತಿಯನ್ನು ಹೇಳದೆ ಇರಲಾರೆ. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಮಗ್ಗಿ ಹೇಳುವ ಹೊತ್ತಿಗೆ ತೊದಲುತ್ತಿದ್ದ. ತೊದಲಿದುದಕ್ಕೆ ಏಟು ಬೀಳುತ್ತಿತ್ತು. ಏಟಿನ ಹೆದರಿಕೆಗೆ ತೊದಲು ಇನ್ನೂ ಹೆಚ್ಚುತ್ತಿತ್ತು. ಸೋಮವಾರ ಬಂದರೆ ಅವನಿಗೆ ಹೊಟ್ಟೆನೋವು. ಅದು ಕಳ್ಳನೋವೆಂದು ಎಲ್ಲರೂ ನಗುತ್ತಿದ್ದರು. ನಾಲ್ಕನೆಯ ತರಗತಿಯ ನಡುವಿನಲ್ಲಿ ಅವನು ಶಾಲೆ ಬಿಟ್ಟ. ಮಗ್ಗಿಯಲ್ಲಿ ನನಗಿಂತ ಅವನೇ ಚುರುಕು. ಗದ್ದೆಯ ಬದುವಿನ ಮೇಲೆ ಕುಳಿತು ಹದಿನಾರರ ಮಗ್ಗಿಯನ್ನು ಒಂದು ತಪ್ಪಿಲ್ಲದೆ ಹೇಳುತ್ತಿದ್ದ. ನಾನು ಈಗ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ, ಅವನು ಲಾರಿಗೆ ಮೂಟೆ ಹೊರುತ್ತಾನೆ. ಹೊರುವ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ನಮ್ಮ ತಂದೆಯವರೂ ಅದನ್ನೇ ಮಾಡಿ ನನ್ನನ್ನು ಓದಿಸಿದರು. ಆದರೆ ಅವನು ಆ ಕೆಲಸವನ್ನು ಆರಿಸಿಕೊಳ್ಳಲಿಲ್ಲ. ಅವನ ಪರವಾಗಿ ಅವನ ಅಂಜಿಕೆಯೇ ಆರಿಸಿತು.

ಮನಸ್ಸಿನ ಭಯವು ಮಕ್ಕಳಲ್ಲಿ ದೇಹದ ನೋವಾಗಿ ತೋರಿಕೊಳ್ಳುವುದುಂಟೆಂದು ಮನಃಶಾಸ್ತ್ರ ಬಲ್ಲವರು ಹೇಳುತ್ತಾರೆ. ಶಾಲೆಯ ಹೊತ್ತಿಗೆ ಬರುವ ಹೊಟ್ಟೆನೋವು, ತಲೆನೋವು, ಮಾತಾಡುತ್ತಿದ್ದ ಮಗು ಮೂಕವಾಗುವುದು, ಆಟದಿಂದ ದೂರ ಸರಿಯುವುದು, ಊಟ ನಿದ್ದೆ ಕೆಡುವುದು, ಸಣ್ಣದಕ್ಕೂ ಸಿಡುಕುವುದು: ಇವನ್ನು ಮೊದಲು ಕಾಣುವ ಕಣ್ಣು ಎಷ್ಟೋ ಸಲ ಉಪಾಧ್ಯಾಯನದೇ. ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಭಾರತದಲ್ಲಿ ಇಂಥ ವಿಭಾಗ ಅದಕ್ಕೆ ಮೊದಲು ಇದ್ದುದು ಕಲ್ಕತ್ತೆಯಲ್ಲಿ ಮಾತ್ರ. ಪಂಜೆಯವರು ಮಕ್ಕಳೊಡನೆ ಹಾಡಲಾರಂಭಿಸಿದುದು ಅದಕ್ಕೂ ಮುಂಚೆ. ಶಾಸ್ತ್ರವು ಹೇಳಲಿರುವುದನ್ನು ಅವರು ಮಕ್ಕಳ ಮುಖ ನೋಡಿಯೇ ತಿಳಿದುಕೊಂಡಿದ್ದರು.

ಅವರ ನಾಗರಹಾವಿನ ಪದ್ಯವನ್ನು ಬಲ್ಲದ ಕನ್ನಡಿಗರು ವಿರಳ. ನಮ್ಮ ಹಳ್ಳಿಗಳಲ್ಲಿ ಹಾವಿನಷ್ಟು ಮಕ್ಕಳನ್ನು ಹೆದರಿಸುವುದು ಬೇರೆ ಯಾವುದಿದೆ? ಆ ಪದ್ಯದಲ್ಲಿ ಮಗು ಹಾವನ್ನು ಕಂಡು ಓಡುವುದಿಲ್ಲ, ಕಲ್ಲನ್ನೂ ಎತ್ತುವುದಿಲ್ಲ. ಕೈ ಮುಗಿದು ಕರೆಯುತ್ತದೆ, ಹಾಲು ಕೊಡುವೆನೆನ್ನುತ್ತದೆ, ಹೆಡೆ ಬಿಚ್ಚಲು ಹೇಳುತ್ತದೆ, ನಾಲಗೆಯ ಗುಟ್ಟನ್ನು ಕೇಳುತ್ತದೆ; ಕೊನೆಗೆ ಅದರ ವಿಷದ ಅರಿವಿನಿಂದಲೇ ಮರ್ಯಾದೆಯಾಗಿ ಆಚೆಗೆ ಕಳುಹಿಸುತ್ತದೆ. ಹಾವು ಒಳ್ಳೆಯದು, ಹೆದರಬೇಡ ಎಂಬ ಸುಳ್ಳು ಸಮಾಧಾನ ಅಲ್ಲಿಲ್ಲ. ಹೆದರಿಕೆಯನ್ನು ಹೆಸರಿಟ್ಟು ಕರೆದು, ಎದುರಿಗೆ ನಿಲ್ಲಿಸಿ, ನಾಲ್ಕು ಪ್ರಶ್ನೆ ಕೇಳಿ ಬೀಳ್ಕೊಡುವ ವಿದ್ಯೆ ಅದರಲ್ಲಿದೆ. ನಲವತ್ತು ಮಕ್ಕಳು ಕೈಯನ್ನು ಹೆಡೆಯಾಗಿ ಎತ್ತಿ ಒಟ್ಟಿಗೆ ಹಾಡಿದಾಗ, ಒಂಟಿಯಾಗಿ ಹೆದರುತ್ತಿದ್ದ ಮಗುವಿಗೆ ತಾನೊಬ್ಬನೇ ಅಲ್ಲವೆಂಬ ಧೈರ್ಯವೂ ಬರುತ್ತದೆ.

ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯೂ ಹೀಗೆಯೇ. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲವೆಂದರೆ ಅದಕ್ಕೊಂದು ಕಾರಣ. ಆ ಕಾರಣದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಮಕ್ಕಳು ನಕ್ಕು ನಲಿಯುವ ಈ ಕಥೆಯನ್ನು ಉಪಾಧ್ಯಾಯರೂ ಓದಬೇಕು. ಮಗು ಮನೆಪಾಠ ಬರೆದಿಲ್ಲ. ಯಾಕೆ ಬರೆದಿಲ್ಲ? ರಾತ್ರಿ ನಿದ್ದೆ ಇಲ್ಲ. ಯಾಕೆ ನಿದ್ದೆ ಇಲ್ಲ? ಮನೆಯಲ್ಲಿ ಜಗಳ. ಯಾಕೆ ಜಗಳ? ತಂದೆಗೆ ವಾರದಿಂದ ಕೆಲಸ ಸಿಕ್ಕಿಲ್ಲ. ಮೊದಲ ‘ಯಾಕೆ’ಗೇ ಬೆತ್ತ ಎತ್ತಿದವನಿಗೆ ಕೊನೆಯ ‘ಯಾಕೆ’ ಎಂದೂ ತಿಳಿಯುವುದಿಲ್ಲ. ತಂದೆಗೆ ಕೆಲಸ ಕೊಡಿಸುವುದು ಮೇಷ್ಟರ ಕೈಯಲ್ಲಿಲ್ಲ ನಿಜ. ಆದರೆ ಆ ದಿನ ಆ ಮಗುವಿಗೆ ಶಾಲೆಯೂ ಇನ್ನೊಂದು ಜಗಳವಾಗದಂತೆ ನೋಡಿಕೊಳ್ಳುವುದು ಅವನ ಕೈಯಲ್ಲಿದೆ.

ಕೇವಲ ತಾವು ಹಾಡಿ ಹೋದರೆ ಸಾಲದೆಂಬುದೂ ಪಂಜೆಯವರಿಗೆ ತಿಳಿದಿತ್ತು. ಇನ್‌ಸ್ಪೆಕ್ಟರು ಒಂದು ಶಾಲೆಗೆ ಬರುವುದು ವರ್ಷಕ್ಕೆ ಒಂದೆರಡು ದಿನ. ಉಳಿದ ದಿನಗಳಲ್ಲಿ ಮಕ್ಕಳೊಡನೆ ಇರುವವನು ಉಪಾಧ್ಯಾಯ. ಆದುದರಿಂದ ಅವರು ಉಪಾಧ್ಯಾಯರ ತರಬೇತಿಯಲ್ಲಿ ಕೆಲಸ ಮಾಡಿದರು, ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದರು, ಮಂಗಳೂರಿನಲ್ಲಿ ಗೆಳೆಯರೊಡನೆ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಪರದೇಶದ ಮೂರು ಕರಡಿಗಳ ಕಥೆಯೂ ಇಲಿಗಳನ್ನು ಕುಣಿಸಿ ಕರೆದೊಯ್ದವನ ಕಥೆಯೂ ಅವರ ಕೈಯಲ್ಲಿ ನಮ್ಮೂರಿನವೇ ಆದುವು. ಮುಂದೆ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಹೋದಾಗ ಕೊಡಗಿನ ಮಕ್ಕಳಿಗೆ ಕರಾವಳಿಯ ಹಾಡನ್ನೇ ಹೇರಲಿಲ್ಲ. ಆ ನಾಡಿನ ಹಬ್ಬವನ್ನೇ ಕುರಿತು ಹುತ್ತರಿಯ ಹಾಡು ಬರೆದರು. ತನ್ನ ಮನೆಯ ಹಬ್ಬ ತನ್ನ ಶಾಲೆಯ ಹಾಡಿನಲ್ಲಿ ಬಂದಾಗ ಮಗುವಿಗೆ ಆಗುವ ಹೆಮ್ಮೆಯನ್ನು ಅಳೆಯುವವರಾರು? ನಮ್ಮ ಜಿಲ್ಲೆಯ ಕಾಡಂಚಿನ ಜೇನುಕುರುಬರ ಮಕ್ಕಳಿಗೂ, ಮೈಸೂರಿನ ಮೊಹಲ್ಲಾಗಳ ಉರ್ದು ತಮಿಳು ಮನೆಗಳ ಮಕ್ಕಳಿಗೂ ಈ ಮಾತು ಸಲ್ಲುತ್ತದೆ.

1937ನೆಯ ಅಕ್ಟೋಬರ್ 25ರಂದು ಪಂಜೆಯವರು ಹೈದರಾಬಾದಿನಲ್ಲಿ ನಿಧನರಾದರು. ಆಗ ಅವರಿಗೆ ಅರುವತ್ತಮೂರು ವಯಸ್ಸು. ಅವರು ಕೈಗೊಂಡ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ‘ನಲಿ ಕಲಿ’ ಎಂಬ ಕ್ರಮ ಆರಂಭವಾಯಿತು. ಪ್ರೈಮರಿ ಶಾಲೆಯ ಉಪಾಧ್ಯಾಯರೇ ಕೂಡಿ ರೂಪಿಸಿದ ಆ ಕ್ರಮದಲ್ಲಿ ಮಕ್ಕಳು ಗುಂಪುಗೂಡಿ, ಹಾಡಿ, ಆಡಿ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಹಿಂದೆ ಬಿದ್ದವನೆಂದು ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಅದು ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಹೋಯಿತು, ಒಳ್ಳೆಯದಾಯಿತು. ಆದರೆ ಚುಚ್ಚುಮಾತು, ಅಡ್ಡಹೆಸರು, ಎಲ್ಲರೆದುರು ಅವಮಾನ ಇವು ಬೆತ್ತಕ್ಕಿಂತ ಆಳವಾಗಿ ನಾಟುತ್ತವೆ; ಕಾಯಿದೆಯ ಕಣ್ಣು ಅಲ್ಲಿಗೆ ಮುಟ್ಟುವುದು ಕಷ್ಟ. ಅಲ್ಲಿ ಉಪಾಧ್ಯಾಯನ ಅಂತಃಕರಣವೇ ಕಾಯಿದೆಯಾಗಬೇಕು.

ಉಪಾಧ್ಯಾಯನು ವೈದ್ಯನಲ್ಲವೆಂಬುದನ್ನೂ ನಾವು ಮರೆಯಬಾರದು. ಹಾಡು ಕಥೆಗಳಿಂದ ಎಲ್ಲ ನೋವೂ ವಾಸಿಯಾಗದು. ಮಗುವಿನ ಕಳೆಗುಂದಿದ ಸ್ಥಿತಿ ವಾರಗಟ್ಟಲೆ ಉಳಿದರೆ, ತಾಯಿತಂದೆಯರನ್ನು ಕರೆದು ದೂರು ಹೇಳುವಂತಲ್ಲದೆ ನೆರವು ಕೇಳುವಂತೆ ಮಾತಾಡಬೇಕು. ಬಲ್ಲ ವೈದ್ಯರ ಬಳಿಗೆ ದಾರಿ ತೋರಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಫೋನು ಮಾಡಿದರೆ ಹಗಲಿರುಳೂ ಸಲಹೆ ಉಚಿತವಾಗಿ ದೊರೆಯುತ್ತದೆ. ಮಗುವಿಗೆ ಮನೆಯಲ್ಲಿಯೋ ಹೊರಗೋ ಹಿಂಸೆಯಾಗುತ್ತಿದೆಯೆಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಈ ಎರಡು ಸಂಖ್ಯೆಗಳನ್ನು ಪ್ರತಿಯೊಬ್ಬ ಉಪಾಧ್ಯಾಯನೂ ಬಾಯಿಪಾಠ ಮಾಡಿರುವುದು ಲೇಸು.

ವಿದ್ಯಾರ್ಥಿಮಿತ್ರರೇ, ಪಂಜೆಯವರ ಪಾಂಡಿತ್ಯ ನಮಗೆಲ್ಲ ಬರಲಿಕ್ಕಿಲ್ಲ. ಅವರ ಕಂಠವೂ ಕವಿತ್ವವೂ ಎಲ್ಲರಿಗೂ ದೊರೆಯುವಂಥವಲ್ಲ. ಆದರೆ ಅವರು ಅಧಿಕಾರವನ್ನು ಕೈಯಲ್ಲಿ ಹಿಡಿದು ತರಗತಿಯ ಬಾಗಿಲು ದಾಟಿದಾಗ, ಒಳಗೆ ಕುಳಿತ ಅತ್ಯಂತ ಪುಕ್ಕಲು ಮಗುವಿನ ಕಡೆಗೆ ಮೊದಲು ನೋಡುತ್ತಿದ್ದರಲ್ಲ, ಆ ನೋಟಕ್ಕೆ ಪಾಂಡಿತ್ಯ ಬೇಕಿಲ್ಲ. ನಾಳೆ ನಮ್ಮಲ್ಲಿ ಯಾರಾದರೂ ಆ ಬಾಗಿಲು ದಾಟುವಾಗ, ಹಾಜರಿ ಪುಸ್ತಕ ತೆರೆಯುವ ಮೊದಲು ಒಂದು ಸಲ ಮಕ್ಕಳ ಮುಖಗಳನ್ನು ನೋಡಿದರೆ ಸಾಕು. ಯಾರಿಗೆ ಹೊಟ್ಟೆನೋವೆಂದು ಅಲ್ಲಿಯೇ ಬರೆದಿರುತ್ತದೆ.