ಪತ್ತೇದಾರಿ ಕಾದಂಬರಿಕಾರ ಮ. ರಾಮಮೂರ್ತಿ

ರಾಜ್ಯೋತ್ಸವದ ಬೆಳಿಗ್ಗೆ ನಾಯಕನಹಟ್ಟಿಯಲ್ಲಿ ಹಳದಿ-ಕೆಂಪು ಬಾವುಟ ಮೇಲೇರುವಾಗ, ಅದನ್ನು ಕಣ್ಣೆತ್ತಿ ನೋಡುವ ಹುಡುಗರಲ್ಲಿ ಅದನ್ನು ರೂಪಿಸಿದವರ ಹೆಸರು ಬಲ್ಲವರು ವಿರಳ. ಬಲ್ಲವರಿಗೂ ಮ. ರಾಮಮೂರ್ತಿಯವರು ಕನ್ನಡ ಚಳವಳಿಯ ಮುಂದಾಳುಗಳೆಂದು ಗೊತ್ತೇ ಹೊರತು, ಕೊಲೆ ಕಳವುಗಳ ಜಾಡು ಹಿಡಿದು ಸಾಗುವ ಪತ್ತೇದಾರಿ ಕಾದಂಬರಿಗಳನ್ನು ಬರೆದವರೆಂಬುದು ಮರೆತೇಹೋಗಿದೆ.

1918ರಲ್ಲಿ ಜನಿಸಿದ ಅವರಿಗೆ ಅಕ್ಷರದ ನಂಟು ಮನೆಯಿಂದಲೇ ಬಂದುದು. ತಂದೆ ಸೀತಾರಾಮಶಾಸ್ತ್ರಿಗಳು ‘ವೀರಕೇಸರಿ’ ಪತ್ರಿಕೆಯನ್ನು ನಡೆಸಿ, ಅದರ ಹೆಸರನ್ನೇ ತಮ್ಮ ಹೆಸರಿನ ಮುಂದೆ ಪಡೆದವರು. ಮಗನೂ ಪತ್ರಿಕೋದ್ಯಮಕ್ಕೇ ಇಳಿದರು. ಆದರೆ ಕಥೆ ಹೇಳುವುದಕ್ಕೆ ಅವರು ಆರಿಸಿಕೊಂಡದ್ದು ವಿದ್ವಾಂಸರು ಮೂಗು ಮುರಿಯುತ್ತಿದ್ದ ಪ್ರಕಾರವನ್ನು.

ಈ ತಾತ್ಸಾರಕ್ಕೆ ಆಧಾರವಿಲ್ಲವೆನ್ನಲಾರೆ. ಅವಸರದಲ್ಲಿ ಬರೆದು ಅವಸರದಲ್ಲಿ ಅಚ್ಚಾದ ಪುಸ್ತಕಗಳು ಆ ಪ್ರಕಾರದಲ್ಲಿ ಹೇರಳ. ಆದರೂ ಇಂಗ್ಲೆಂಡಿನಲ್ಲಿ ಕಾನನ್ ಡಾಯ್ಲ್‌ನ ಷರ್ಲಾಕ್ ಹೋಮ್ಸ್, ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾಯರ ಯುಗಂಧರ, ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮ, ಇವರು ಮಾಡಿದ ಒಂದು ಉಪಕಾರವನ್ನು ಒಪ್ಪಲೇಬೇಕು. ಕಾವ್ಯವನ್ನಾಗಲಿ ವಿಮರ್ಶೆಯನ್ನಾಗಲಿ ಎಂದೂ ಮುಟ್ಟದವನ ಕೈಗೆ ಪುಸ್ತಕವನ್ನು ಕೊಟ್ಟು, ಕೊನೆಯ ಪುಟದವರೆಗೆ ಕೆಳಗಿಡದಂತೆ ಮಾಡಿದವರು ಇವರು. ಅರೆಬರೆ ಓದು ಬಲ್ಲವನೂ ಅಪರಾಧಿ ಯಾರೆಂಬ ಕುತೂಹಲದಲ್ಲಿ ವಾಕ್ಯದಿಂದ ವಾಕ್ಯಕ್ಕೆ ದಾಟುತ್ತ, ತನಗರಿಯದೆಯೇ ಓದುಗನಾಗುತ್ತಾನೆ. ಚಳ್ಳಕೆರೆ, ಮೊಳಕಾಲ್ಮೂರುಗಳಂಥ ಗಡಿಸೀಮೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಮನೆಮಾತು ತೆಲುಗಾದ ಕುಟುಂಬಗಳು ಇಲ್ಲಿ ಬಹಳ. ನೆರೆಯ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು. ಇಂಥಲ್ಲಿ ಓದಿನ ಭಾಷೆ ಯಾವುದೆಂಬುದನ್ನು ಸರ್ಕಾರದ ಆಜ್ಞೆ ನಿರ್ಧರಿಸುವುದಕ್ಕಿಂತ ಹೆಚ್ಚಾಗಿ, ಸಂತೆಯಿಂದ ಬರುವಾಗ ಚೀಲದಲ್ಲಿ ತಂದ ಪುಸ್ತಕ ನಿರ್ಧರಿಸುತ್ತದೆ.

ಓದುಗನನ್ನು ಕನ್ನಡದಲ್ಲಿ ಹಿಡಿದು ನಿಲ್ಲಿಸಿದ ಲೇಖಕನೇ ಮುಂದೆ ಕನ್ನಡಕ್ಕಾಗಿ ಬೀದಿಗಿಳಿದದ್ದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ. 1956ರಲ್ಲಿ ನಾಡು ಒಂದಾಗಿದ್ದರೂ ಬೆಂಗಳೂರಿನ ಚಿತ್ರಮಂದಿರಗಳಲ್ಲಿ, ಉತ್ಸವಗಳ ವೇದಿಕೆಗಳಲ್ಲಿ ಕನ್ನಡಕ್ಕೆ ಎಡೆ ಸಾಲದಾಗಿತ್ತು. ಅರವತ್ತರ ದಶಕದಲ್ಲಿ ಅ.ನ.ಕೃ. ಅವರು ಇದನ್ನು ಎದುರಿಸಿ ನಿಂತಾಗ ರಾಮಮೂರ್ತಿಯವರೂ ಜೊತೆಗೂಡಿದರು. ‘ಕನ್ನಡ ಯುವಜನ’ ಪತ್ರಿಕೆಯನ್ನು ನಡೆಸಿದರು, ಕನ್ನಡ ಪಕ್ಷವನ್ನು ಕಟ್ಟಿದರು. ಬಾವುಟ ರೂಪುಗೊಂಡದ್ದೂ ಈ ವರ್ಷಗಳಲ್ಲಿಯೇ. ಅದು ಒಂದು ಪಕ್ಷಕ್ಕೆ ಸೀಮಿತವಾಗದೆ ಎಲ್ಲರದೂ ಆಯಿತು. ಎಲ್ಲರದೂ ಆದುದರಿಂದಲೇ ಅದಕ್ಕೆ ಅಂಟಿದ್ದ ಹೆಸರು ಕಳಚಿತು. ಕಾದಂಬರಿಗಳ ಗತಿಯೂ ಅದೇ. ಕೈಯಿಂದ ಕೈಗೆ ದಾಟಿ ಹರಿದು ಮುಗಿಯುವುದು ಜನಪ್ರಿಯ ಪುಸ್ತಕಗಳ ಹಣೆಬರಹ; ಗ್ರಂಥಭಂಡಾರದಲ್ಲಿ ಸುರಕ್ಷಿತವಾಗಿ ಉಳಿಯುವುದು ಯಾರೂ ಓದದ ಪುಸ್ತಕವೇ.

1967ರ ಡಿಸೆಂಬರ್ 25ರಂದು ಬೆಂಗಳೂರಿನ ಹೊರವಲಯದ ತಮ್ಮ ಜಮೀನಿನಲ್ಲಿ ತೋಡುತ್ತಿದ್ದ ಬಾವಿಯ ಮಣ್ಣು ಕುಸಿದು ರಾಮಮೂರ್ತಿಯವರು ಮಡಿದರು. ಅವರೊಡನೆ ಇಬ್ಬರು ಗಂಡುಮಕ್ಕಳೂ ಹೋದರು. ಆಗ ಅವರಿಗೆ 49 ವರ್ಷ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ.