ಹಬ್ಬದ ಮರವನ್ನು ಮನೆಮನೆಗೆ ತಂದ ರಾಜಕುಮಾರ

ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮುಂಬಯಿಯ ಬಾಂದ್ರಾ, ಮಾಹಿಮ್ ಮೊದಲಾದ ಭಾಗಗಳಲ್ಲಿ ಕ್ರೈಸ್ತ ಬಂಧುಗಳ ಮನೆಯೊಳಗೆ ಹಸುರು ಮರವೊಂದು ಕಾಣಿಸಿಕೊಳ್ಳುತ್ತದೆ. ಅದರ ರೆಂಬೆಗಳಲ್ಲಿ ಬಣ್ಣದ ಗುಂಡುಗಳು, ನಕ್ಷತ್ರಗಳು, ಸಣ್ಣ ಸಣ್ಣ ದೀಪಗಳು ತೂಗುತ್ತವೆ. ಬುಡದಲ್ಲಿ ಮಕ್ಕಳಿಗಾಗಿ ಉಡುಗೊರೆಗಳು ಕಾದಿರುತ್ತವೆ. ಬಯಲಿನಲ್ಲಿ ಬೆಳೆಯುವ ಮರವನ್ನು ಮನೆಯೊಳಗೆ ತಂದು ಸಿಂಗರಿಸುವ ಈ ಪದ್ಧತಿಯು ಜರ್ಮನ್ ಭಾಷೆಯನ್ನಾಡುವ ನಾಡುಗಳಲ್ಲಿ ಬೆಳೆದುದು. ಅದು ಇಂಗ್ಲೆಂಡಿನ ಸಾಮಾನ್ಯ ಜನರ ಮನೆಗಳಿಗೂ, ಅಲ್ಲಿಂದ ಪ್ರಪಂಚದ ಇತರ ಭಾಗಗಳಿಗೂ ಹರಡಲು ಬಹುಮಟ್ಟಿಗೆ ಕಾರಣನಾದವನು ವಿಕ್ಟೋರಿಯಾ ರಾಣಿಯ ಪತಿಯಾದ ಆಲ್ಬರ್ಟನು. ಹುಟ್ಟಿದ ನಾಡನ್ನು ಬಿಟ್ಟು, ಬೇರೆ ಭಾಷೆಯ ಜನರ ನಡುವೆ ಬಾಳಿದ ಅವನ ಚರಿತ್ರೆಯು, ಕನ್ನಡ ನಾಡಿನಿಂದ ದೂರ ನೆಲಸಿರುವ ನಮಗೆ ತಿಳಿಯತಕ್ಕದ್ದಾಗಿದೆ.

ಆಲ್ಬರ್ಟನು 1819ನೆಯ ಇಸವಿಯ ಆಗಸ್ಟ್ 26ರಂದು ಕೋಬರ್ಗ್ ಪಟ್ಟಣದ ಬಳಿಯ ರೋಸೆನಾವ್ ಎಂಬಲ್ಲಿ ಜನಿಸಿದನು. ಆಗ ಜರ್ಮನಿಯು ಒಂದೇ ರಾಜ್ಯವಾಗಿರಲಿಲ್ಲ. ಅನೇಕ ಸಣ್ಣ ದೊಡ್ಡ ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಅಂತಹ ಒಂದು ಸಣ್ಣ ಸಂಸ್ಥಾನಕ್ಕೆ ಅವನ ತಂದೆಯು ಒಡೆಯನಾಗಿದ್ದನು. ಅರಮನೆಯಲ್ಲಿ ಹುಟ್ಟಿದರೂ ಬಾಲಕನಿಗೆ ಬಾಲ್ಯದ ಸುಖವು ಪೂರ್ಣವಾಗಿ ದೊರೆಯಲಿಲ್ಲ. 1824ರಲ್ಲಿ, ಅವನಿಗೆ ಐದು ವರ್ಷವಾಗಿದ್ದಾಗ, ತಂದೆತಾಯಿಗಳು ಬೇರೆಯಾದರು. ಮನೆಬಿಟ್ಟು ಹೋದ ತಾಯಿಯನ್ನು ಅವನು ಮತ್ತೆ ಕಾಣಲೇ ಇಲ್ಲ. 1831ರಲ್ಲಿ ಅವಳು ದೂರದ ಪ್ಯಾರಿಸ್ ನಗರದಲ್ಲಿ ಕಣ್ಣು ಮುಚ್ಚಿದಳು. ತಾಯಿಯಿಲ್ಲದ ಮನೆಯಲ್ಲಿ ಅವನಿಗಿಂತ ಒಂದು ವರ್ಷ ಹಿರಿಯನಾದ ಅಣ್ಣ ಅರ್ನೆಸ್ಟನೇ ಅವನಿಗೆ ಜೊತೆ. ಕ್ರಿಸ್‌ಮಸ್ ಹಿಂದಿನ ದಿನದ ಸಂಜೆ ದೀಪ ಹಚ್ಚಿದ ಮರದ ಸುತ್ತ ಅಣ್ಣತಮ್ಮಂದಿರು ಪಟ್ಟ ಸಂತೋಷವು ಅವನ ಮನಸ್ಸಿನಲ್ಲಿ ಆಳವಾಗಿ ಉಳಿಯಿತು.

ಬಾನ್ ವಿಶ್ವವಿದ್ಯಾನಿಲಯದಲ್ಲಿ ಅವನು ವ್ಯಾಸಂಗ ಮಾಡಿದನು. ಸಂಗೀತ, ಚಿತ್ರಕಲೆ, ವಿಜ್ಞಾನ ಇವುಗಳಲ್ಲೆಲ್ಲ ಅವನಿಗೆ ಆಸಕ್ತಿಯಿತ್ತು. 1837ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದ ವಿಕ್ಟೋರಿಯಾಳು ಅವನ ಸೋದರತ್ತೆಯ ಮಗಳು. 1840ನೆಯ ಇಸವಿಯ ಫೆಬ್ರವರಿ 10ರಂದು ಲಂಡನ್ನಿನಲ್ಲಿ ಇವರ ವಿವಾಹವಾಯಿತು. ಇಬ್ಬರಿಗೂ ಆಗ ಇಪ್ಪತ್ತು ವರ್ಷ.

ರಾಣಿಯು ಪ್ರೀತಿಯಿಂದ ವರಿಸಿದ ಆಲ್ಬರ್ಟನನ್ನು ಅವಳ ರಾಜ್ಯವು ಅಷ್ಟೇ ಪ್ರೀತಿಯಿಂದ ಸ್ವಾಗತಿಸಲಿಲ್ಲ. ಅವನಿಗೆ ವರ್ಷಕ್ಕೆ 50,000 ಪೌಂಡುಗಳ ವೇತನವನ್ನು ಕೊಡಬೇಕೆಂಬ ಸೂಚನೆಯನ್ನು ಪಾರ್ಲಿಮೆಂಟು 30,000ಕ್ಕೆ ಇಳಿಸಿತು. ಅವನ ಉಚ್ಚಾರಣೆ, ನಡೆನುಡಿ, ಉಡುಪು ಎಲ್ಲವೂ ಅಲ್ಲಿನ ಶ್ರೀಮಂತರಿಗೆ ಪರಕೀಯವೆನಿಸಿದವು. ರಾಣಿಯ ಪತಿಯೆಂಬುದಕ್ಕೆ ತಕ್ಕ ಬಿರುದು ವಿಧಿವತ್ತಾಗಿ ದೊರೆತುದು ಹದಿನೇಳು ವರ್ಷಗಳ ಮೇಲೆ, 1857ರಲ್ಲಿ.

ಹೀಗಿರುವಾಗ ಆಲ್ಬರ್ಟನು ತನ್ನ ನಾಡಿನ ಹಬ್ಬವನ್ನು ಮರೆಯಲಿಲ್ಲ, ಮರೆಮಾಡಲೂ ಇಲ್ಲ. ಇಂಗ್ಲೆಂಡಿಗೆ ಕ್ರಿಸ್‌ಮಸ್ ಮರವನ್ನು ಮೊದಲು ತಂದವನು ಅವನೇ ಎಂದು ಅನೇಕರು ಹೇಳುವುದುಂಟು. ಇದು ಸರಿಯಲ್ಲ. ಮೂರನೆಯ ಜಾರ್ಜ್ ದೊರೆಯ ರಾಣಿಯೂ ಜರ್ಮನ್ ರಾಜಕುಮಾರಿಯೂ ಆಗಿದ್ದ ಷಾರ್ಲೆಟ್ಟಳು 1800ರಲ್ಲಿಯೇ ವಿಂಡ್ಸರಿನಲ್ಲಿ ಮಕ್ಕಳಿಗಾಗಿ ಒಂದು ಮರವನ್ನು ಸಿಂಗರಿಸಿದ್ದಳು. ವಿಕ್ಟೋರಿಯಾ ರಾಣಿಯೂ ಬಾಲ್ಯದಲ್ಲಿ ಇಂತಹ ಮರಗಳನ್ನು ಕಂಡಿದ್ದಳು. ಆದರೆ ಆ ಪದ್ಧತಿಯು ಅರಮನೆಯ ಗೋಡೆಗಳೊಳಗೂ ಕೆಲವೇ ಕುಟುಂಬಗಳಲ್ಲಿಯೂ ಉಳಿದಿತ್ತು. ಅದು ಹೊರಗೆ ಬಂದುದು ಆಲ್ಬರ್ಟನ ಕಾಲದಲ್ಲಿ.

ವಿಂಡ್ಸರ್ ಅರಮನೆಯಲ್ಲಿ ಪ್ರತಿ ವರ್ಷವೂ ಎಳೆಯ ಫರ್ ಮರಗಳನ್ನು ತಂದು ಮೇಜುಗಳ ಮೇಲೆ ನಿಲ್ಲಿಸುತ್ತಿದ್ದರು. ರಾಣಿಗೆ ಒಂದು, ಆಲ್ಬರ್ಟನಿಗೆ ಒಂದು, ರಾಣಿಯ ತಾಯಿಗೆ ಒಂದು, ಮಕ್ಕಳಿಗೆ ಬೇರೆ. ಮಕ್ಕಳ ಮರವು ಸುಮಾರು ಎಂಟು ಅಡಿ ಎತ್ತರವಿದ್ದು, ಅದಕ್ಕೆ ಆರು ಅಂತಸ್ತುಗಳಾಗಿ ರೆಂಬೆಗಳಿದ್ದುವೆಂದೂ, ಒಂದೊಂದು ಅಂತಸ್ತಿಗೆ ಹನ್ನೆರಡು ಮೇಣದ ಬತ್ತಿಗಳನ್ನು ಹಚ್ಚುತ್ತಿದ್ದರೆಂದೂ ಅಂದಿನ ಪತ್ರಿಕೆಯಿಂದ ತಿಳಿದುಬರುತ್ತದೆ. ರೆಂಬೆಗಳಿಂದ ಮಿಠಾಯಿ ತುಂಬಿದ ಪುಟ್ಟ ಬುಟ್ಟಿಗಳು ಬಣ್ಣದ ಪಟ್ಟಿಗಳಲ್ಲಿ ತೂಗುತ್ತಿದ್ದುವು. ಶುಂಠಿ ಹಾಕಿ ಸುಟ್ಟ ತಿನಿಸುಗಳು ಚಿನ್ನದ ಬಣ್ಣದಿಂದ ಹೊಳೆಯುತ್ತಿದ್ದುವು. ತುದಿಯಲ್ಲಿ ರೆಕ್ಕೆ ಹರಡಿದ ದೇವದೂತನ ಬೊಂಬೆ. ಒಣಗುವ ಮರ, ಉರಿಯುವ ಬತ್ತಿ: ಬೆಂಕಿಯ ಭಯವು ತಪ್ಪಿದ್ದಲ್ಲವಾದುದರಿಂದ ದೀಪಗಳನ್ನು ಸ್ವಲ್ಪ ಹೊತ್ತು ಮಾತ್ರ ಉರಿಸಿ ಎಚ್ಚರದಿಂದ ಕಾಯಬೇಕಾಗಿತ್ತು. ಈ ಭಯವನ್ನು ಕಳೆದ ವಿದ್ಯುದ್ದೀಪಗಳು ಮರವನ್ನೇರಿದುದು ಆಲ್ಬರ್ಟನ ಕಾಲಾನಂತರ. ಎಡಿಸನ್ನನ ಸಹೋದ್ಯೋಗಿಯಾದ ಎಡ್ವರ್ಡ್ ಜಾನ್ಸನ್ ಎಂಬವನು 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಅವನ್ನು ಮೊದಲು ಹಚ್ಚಿದನು.

1848ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಸಚಿತ್ರ ವಾರಪತ್ರಿಕೆಯು, ರಾಣಿಯೂ ಆಲ್ಬರ್ಟನೂ ಮಕ್ಕಳೊಡನೆ ಮರದ ಸುತ್ತ ನಿಂತಿರುವ ಚಿತ್ರವನ್ನು ಅಚ್ಚುಹಾಕಿತು. ಆ ಚಿತ್ರವು ಸಾವಿರಾರು ಮನೆಗಳನ್ನು ತಲುಪಿತು. ಅರಮನೆಯ ಸಂಭ್ರಮವನ್ನು ತಮ್ಮ ಮನೆಯಲ್ಲಿಯೂ ಕಾಣಬೇಕೆಂಬ ಆಸೆ ಜನರಲ್ಲಿ ಹುಟ್ಟಿತು. ಎರಡು ವರ್ಷಗಳ ಮೇಲೆ, 1850ರಲ್ಲಿ, ಅಮೆರಿಕೆಯ ಒಂದು ಪತ್ರಿಕೆಯು ಅದೇ ಚಿತ್ರವನ್ನು ಪ್ರಕಟಿಸಿತು. ಆದರೆ ರಾಜರಿಲ್ಲದ ಆ ದೇಶದ ಓದುಗರಿಗೆ ಒಪ್ಪುವಂತೆ ರಾಣಿಯ ತಲೆಯ ಮೇಲಿನ ಕಿರೀಟವನ್ನೂ, ಆಲ್ಬರ್ಟನ ಮೀಸೆಯನ್ನೂ ಅಳಿಸಿಹಾಕಿತ್ತು! ಕಿರೀಟವೂ ಮೀಸೆಯೂ ಹೋದವು. ಮರವು ಮಾತ್ರ ಹಾಗೆಯೇ ಉಳಿದು ಅಮೆರಿಕೆಯ ಮನೆಗಳನ್ನು ಸೇರಿತು. ಆಲ್ಬರ್ಟನು ಶಾಲೆಗಳಿಗೂ ಸೈನಿಕರ ವಸತಿಗಳಿಗೂ ಮರಗಳನ್ನು ಕಳುಹಿಸಿಕೊಡುತ್ತಿದ್ದನು.

ಹಬ್ಬದ ವಿಷಯವೊಂದರಿಂದಲೇ ಅವನನ್ನು ಅಳೆಯಲಾಗದು. 1840ರಲ್ಲಿ ಅವನು ಸಾರ್ವಜನಿಕವಾಗಿ ಮಾಡಿದ ಮೊದಲ ಭಾಷಣವು ಗುಲಾಮರ ವ್ಯಾಪಾರದ ವಿರುದ್ಧವಾಗಿತ್ತು. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆದ ಮಹಾ ಪ್ರದರ್ಶನಕ್ಕೆ ಅವನ ಶ್ರಮವು ಬೆನ್ನೆಲುಬಾಗಿತ್ತು. ಅದನ್ನು ನೋಡಲು ಅರುವತ್ತು ಲಕ್ಷಕ್ಕೂ ಮಿಕ್ಕಿ ಜನರು ಬಂದರು. ಉಳಿದ ಹಣದಿಂದ ಕೊಂಡ ನೆಲದಲ್ಲಿ ಮುಂದೆ ವಸ್ತುಸಂಗ್ರಹಾಲಯಗಳೂ ವಿದ್ಯಾಸಂಸ್ಥೆಗಳೂ ತಲೆಯೆತ್ತಿದುವು. ಇಷ್ಟಾದರೂ ಅನುಮಾನವು ಅವನ ಬೆನ್ನು ಬಿಡಲಿಲ್ಲ. 1854ರ ಆರಂಭದಲ್ಲಿ ಅವನು ರಷ್ಯದ ಪಕ್ಷಪಾತಿಯೆಂದೂ, ದೇಶದ್ರೋಹಕ್ಕಾಗಿ ಅವನನ್ನು ಸೆರೆಗೆ ಒಯ್ಯುವರೆಂದೂ ಸುಳ್ಳು ವದಂತಿ ಹಬ್ಬಿ, ಅದನ್ನು ನೋಡಲು ಲಂಡನ್ ಟವರಿನ ಮುಂದೆ ಜನರು ಗುಂಪುಗೂಡಿದ್ದರಂತೆ! ಅವನು ಕಲಿಸಿದ ಹಬ್ಬವನ್ನು ಆಗಲೇ ತಮ್ಮದಾಗಿ ಮಾಡಿಕೊಳ್ಳುತ್ತಿದ್ದ ಜನರು, ಅವನನ್ನು ಮಾತ್ರ ಇನ್ನೂ ಹೊರಗಿನವನೆಂದೇ ಎಣಿಸುತ್ತಿದ್ದರು.

1861ರ ಕೊನೆಯಲ್ಲಿ ಅವನ ಆರೋಗ್ಯವು ಕೆಟ್ಟಿತು. ಅದೇ ಸಮಯದಲ್ಲಿ ಬ್ರಿಟಿಷ್ ಹಡಗೊಂದರಿಂದ ಇಬ್ಬರು ಪ್ರತಿನಿಧಿಗಳನ್ನು ಅಮೆರಿಕೆಯ ನೌಕಾಪಡೆಯು ಹಿಡಿದೊಯ್ದುದರಿಂದ ಎರಡು ದೇಶಗಳ ನಡುವೆ ಯುದ್ಧವೇ ನಡೆಯುವ ಸಂಭವವಿತ್ತು. ಸರಕಾರವು ಸಿದ್ಧಪಡಿಸಿದ ಕಟುವಾದ ಪತ್ರವನ್ನು ಆಲ್ಬರ್ಟನು ಡಿಸೆಂಬರ್ 1ರಂದು ರೋಗಪೀಡಿತನಾಗಿದ್ದರೂ ಎದ್ದು ಕುಳಿತು ತಿದ್ದಿ, ಎದುರಾಳಿಯು ಮಾನ ಉಳಿಸಿಕೊಂಡು ಹಿಂಜರಿಯಲು ದಾರಿ ಬಿಟ್ಟನು. ಪ್ರತಿನಿಧಿಗಳ ಬಿಡುಗಡೆಯಾಗಿ ಯುದ್ಧವು ತಪ್ಪಿತು. ಅದನ್ನು ಕೇಳಲು ಅವನು ಉಳಿದಿರಲಿಲ್ಲ. ಡಿಸೆಂಬರ್ 14ರಂದು, ಕ್ರಿಸ್‌ಮಸ್ಸಿಗೆ ಹನ್ನೊಂದು ದಿನಗಳಿರುವಾಗ, ವಿಂಡ್ಸರಿನಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ ನಲವತ್ತೆರಡು ವರ್ಷ. ಒಂಬತ್ತು ಮಕ್ಕಳಲ್ಲಿ ಕಿರಿಯಳಿಗೆ ನಾಲ್ಕೇ ವರ್ಷ. ರಾಣಿಯು 1901ರಲ್ಲಿ ತಾನು ಸಾಯುವವರೆಗೂ ಶೋಕದ ಕಪ್ಪು ಉಡುಪನ್ನು ತೆಗೆಯಲಿಲ್ಲ.

ಆಲ್ಬರ್ಟನ ಸ್ಮಾರಕವೊಂದು ನಮ್ಮ ನಗರದಲ್ಲಿಯೂ ಇದೆ. ಭಾಯಖಳಾದ ರಾಣಿಬಾಗಿನ ಪಕ್ಕದಲ್ಲಿ, 1872ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೆಂಬ ಹೆಸರಿನಿಂದ ತೆರೆದು, 1975ರಲ್ಲಿ ಡಾ. ಭಾವೂ ದಾಜಿ ಲಾಡ್ ಅವರ ಹೆಸರನ್ನು ಪಡೆದ ಕಟ್ಟಡದೊಳಗೆ ಅವನ ಅಮೃತಶಿಲೆಯ ಪ್ರತಿಮೆಯಿದೆ. ಪ್ರಾಣಿಸಂಗ್ರಹಾಲಯಕ್ಕೆ ಹೋದಾಗ ನಾವು ಅದನ್ನೂ ನೋಡಿಬರಬಹುದು.

ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆಗಳನ್ನು ಕೂರಿಸುವಾಗ, ನೆರೆಯ ಮರಾಠಿ, ಗುಜರಾತಿ ಮಕ್ಕಳು ಬಾಗಿಲಲ್ಲಿ ನಿಂತು ಇಣಕುವುದುಂಟು. ಇವರಿಗೇನು ತಿಳಿದೀತು ಎಂದು ಕೆಲವೊಮ್ಮೆ ನಾವು ಸಂಕೋಚಪಡುತ್ತೇವೆ. ಆಲ್ಬರ್ಟನು ಹಾಗೆ ಸಂಕೋಚಪಟ್ಟಿದ್ದರೆ ಆ ಮರವು ಅರಮನೆಯಲ್ಲಿಯೇ ಒಣಗುತ್ತಿತ್ತು. ಮುಂದಿನ ನವರಾತ್ರಿಗೆ ಆ ಮಕ್ಕಳನ್ನು ಒಳಗೆ ಕರೆಯೋಣ. ಒಂದೊಂದು ಗೊಂಬೆಯನ್ನು ಅವರ ಕೈಯಿಂದಲೂ ಇರಿಸೋಣ.