ಇಬ್ಬರು ಚೆನ್ನಮ್ಮಂದಿರು

ಕನ್ನಡನಾಡಿನ ಹೆಣ್ಣುಮಕ್ಕಳ ಹೆಸರುಗಳಲ್ಲಿ ಚೆನ್ನಮ್ಮ ಎಂಬುದರಷ್ಟು ಸರಳವೂ ಆಪ್ತವೂ ಆದ ಹೆಸರು ಅಪೂರ್ವ. ಚೆನ್ನು ಎಂದರೆ ಚೆಲುವು. ಚೆನ್ನು ಎಂದರೆ ಒಳ್ಳಿತು. ಕಣ್ಣಿಗೆ ಹಿತವಾದುದನ್ನೂ ನಡತೆಯಲ್ಲಿ ಮೆಚ್ಚತಕ್ಕುದನ್ನೂ ನಮ್ಮ ಭಾಷೆ ಈ ಒಂದೇ ಮಾತಿನಿಂದ ಸೂಚಿಸುತ್ತದೆ. ಶರಣ ಪರಂಪರೆಯಲ್ಲಿ ಈ ಮಾತಿಗೆ ವಿಶೇಷವಾದ ಮನ್ನಣೆಯುಂಟು. ಚೆನ್ನಬಸವಣ್ಣನ ಹೆಸರಿನಲ್ಲಿ ಅದು ಇದೆ. ಅಕ್ಕಮಹಾದೇವಿ ತನ್ನ ವಚನಗಳಲ್ಲಿ ಹಂಬಲಿಸಿದ ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿಯೂ ಇದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಮನೆತನಗಳಲ್ಲಿ ಈ ಹೆಸರು, ಒಂದೆಡೆ ಚೆನ್ನಮ್ಮನೆಂದೂ ಇನ್ನೊಂದೆಡೆ ಚೆನ್ನವ್ವನೆಂದೂ, ಒಂದು ತೊಟ್ಟಿಲಿನಿಂದ ಇನ್ನೊಂದು ತೊಟ್ಟಿಲಿಗೆ ಸಾಗಿಬಂದಿದೆ.

ಇಂಥ ಮನೆಬಳಕೆಯ ಹೆಸರನ್ನು ನಾಡಿನ ಇತಿಹಾಸ ಎರಡು ಸಲ ಕೋಟೆಯ ಮೇಲೆ ನಿಲ್ಲಿಸಿತು. ಮೊದಲನೆಯವಳು ಮಲೆನಾಡಿನ ಕೆಳದಿಯ ಚೆನ್ನಮ್ಮಾಜಿ. ಎರಡನೆಯವಳು ಬೆಳವಲದ ಅಂಚಿನ ಕಿತ್ತೂರಿನ ಚೆನ್ನಮ್ಮ. ಒಬ್ಬಳು ಪಟ್ಟವೇರಿದುದಕ್ಕೂ ಇನ್ನೊಬ್ಬಳು ಯುದ್ಧಕ್ಕೆ ನಿಂತುದಕ್ಕೂ ನಡುವೆ ನೂರೈವತ್ತು ವರ್ಷಗಳ ಅಂತರವಿದೆ. ಆದರೂ ಜನರ ನೆನಪಿನಲ್ಲಿ ಇಬ್ಬರೂ ಎಷ್ಟೋ ವೇಳೆ ಒಂದೇ ಚಿತ್ರವಾಗಿ ಬೆರೆತುಹೋಗುತ್ತಾರೆ. ಕುದುರೆ, ಕತ್ತಿ, ವೀರಗಚ್ಚೆ, ಇವಿಷ್ಟೇ ಉಳಿದು ಕಾಲ, ದೇಶ, ಕಾರಣಗಳು ಅಳಿಸಿಹೋಗುತ್ತವೆ. ಇಬ್ಬರ ಬಾಳನ್ನೂ ಪಕ್ಕಪಕ್ಕದಲ್ಲಿರಿಸಿ ನೋಡಿದರೆ ಹೆಸರಿಗಿಂತಲೂ ಆಳವಾದ ಒಂದು ಸಾಮ್ಯ ಎದ್ದು ಕಾಣುತ್ತದೆ. ಇಬ್ಬರೂ ವಿಧವೆಯರು; ಇಬ್ಬರ ಮುಂದೆಯೂ ಬರಿದಾದ ಗಾದಿಯಿತ್ತು; ಆ ಗಾದಿಗೆ ದತ್ತುಪುತ್ರನೊಬ್ಬನನ್ನು ಕೂರಿಸುವ ಹಕ್ಕು ಯಾರದು ಎಂಬುದೇ ಇಬ್ಬರೂ ಎದುರಿಸಿದ ಪ್ರಶ್ನೆ. ಮೊದಲನೆಯವಳ ಪಾಲಿಗೆ ಆ ಪ್ರಶ್ನೆ ಬಗೆಹರಿಯಿತು. ಎರಡನೆಯವಳ ಪಾಲಿಗೆ ಅದೇ ಪ್ರಶ್ನೆ ಯುದ್ಧವಾಯಿತು.

ಕೆಳದಿಯ ಅರಸುಮನೆತನ ವಿಜಯನಗರದ ಸಾಮಂತರಾಗಿ ತಲೆಯೆತ್ತಿದುದು. ವಿಜಯನಗರ ಕುಸಿದ ಮೇಲೆ ಈ ನಾಯಕರು ಸ್ವತಂತ್ರರಾಗಿ ಬೆಳೆದು, ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯನ್ನು ಸಾಗಿಸಿ, ಘಟ್ಟದ ಮೇಲೂ ಕೆಳಗೂ ಆಳಿದರು. ಭೂಕಂದಾಯಕ್ಕೆ ಶಿಸ್ತು ಎಂಬ ವ್ಯವಸ್ಥೆಯನ್ನು ತಂದ ಶಿವಪ್ಪನಾಯಕ ಈ ಮನೆತನದವನೇ. ಈ ವಂಶದ ಸೋಮಶೇಖರನಾಯಕನ ಕೈಹಿಡಿದವಳು ಚೆನ್ನಮ್ಮ. ಅವಳು ಅರಸುಮನೆಯ ಮಗಳಲ್ಲ, ಸಿದ್ದಪ್ಪಶೆಟ್ಟಿಯೆಂಬ ವರ್ತಕನ ಮಗಳು. ಸಾಮಾನ್ಯ ಮನೆಯ ಹೆಸರನ್ನು ಅರಮನೆಯೊಳಕ್ಕೆ ತಂದವಳು ಅವಳೇ ಎನ್ನಬಹುದು.

ಅವಳ ದಾಂಪತ್ಯ ಸುಖವಾಗಿ ಉಳಿಯಲಿಲ್ಲ. ಸೋಮಶೇಖರನಾಯಕ ನರ್ತಕಿಯೊಬ್ಬಳ ಮೋಹಕ್ಕೆ ಸಿಕ್ಕಿ ರಾಜ್ಯಭಾರವನ್ನು ಮರೆತನೆಂದೂ, ಬುದ್ಧಿಭ್ರಮಣೆಗೆ ಒಳಗಾದನೆಂದೂ ಪರಂಪರೆ ಹೇಳುತ್ತದೆ. ಕೊನೆಗೆ ಅವನು ಒಳಸಂಚಿಗೆ ಬಲಿಯಾದನು. ಅರಸನಿಗೆ ಮಕ್ಕಳಿರಲಿಲ್ಲ. ಉತ್ತರದಲ್ಲಿ ಬಿಜಾಪುರದ ಸುಲ್ತಾನ ಹೊಂಚುಹಾಕಿದ್ದನು. ಮನೆಯೊಳಗೆ ಮಂತ್ರಿಗಳ ಬಣಗಳು ತಮಗೆ ಬೇಕಾದವರನ್ನು ಪಟ್ಟಕ್ಕೇರಿಸಲು ಹವಣಿಸುತ್ತಿದ್ದವು. ಬಿಜಾಪುರದ ಸೇನೆ ಬಿದನೂರಿನ ಮೇಲೆ ಬಂದಾಗ ಚೆನ್ನಮ್ಮ ಕಾಡಿನ ನಡುವಣ ಭುವನಗಿರಿದುರ್ಗಕ್ಕೆ ಸರಿದಳು. ಇಂದು ನಾವು ಕವಲೇದುರ್ಗವೆಂದು ಕರೆಯುವ ಕೋಟೆಯೇ ಅದು. ಅಲ್ಲಿ ನಂಬಿಕೆಯ ಸೇನಾನಿಗಳನ್ನು ಕೂಡಿಸಿಕೊಂಡು ಶತ್ರುವನ್ನು ಹಿಮ್ಮೆಟ್ಟಿಸಿ ರಾಜಧಾನಿಗೆ ಮರಳಿದಳು. ಸುಮಾರು 1672ರಲ್ಲಿ ಅವಳ ಆಳ್ವಿಕೆ ಮೊದಲಾಯಿತು. 1697ರವರೆಗೆ, ಅಂದರೆ ಕಾಲು ಶತಮಾನದ ಕಾಲ, ಅದು ನಡೆಯಿತು.

ಈ ಕಾಲು ಶತಮಾನವನ್ನು ನಾವು ಮರೆಯುವುದೇ ಹೆಚ್ಚು. ಒಂದು ದಿನದ ಪರಾಕ್ರಮ ಲಾವಣಿಗೆ ವಸ್ತುವಾಗುತ್ತದೆ. ಇಪ್ಪತ್ತೈದು ವರ್ಷಗಳ ನೆಮ್ಮದಿ ಲಾವಣಿಗೆ ಒದಗುವುದಿಲ್ಲ. ಚೆನ್ನಮ್ಮಾಜಿ ಮೈಸೂರಿನ ಚಿಕ್ಕದೇವರಾಜ ಒಡೆಯನಂಥ ಪ್ರಬಲನ ನೆರೆಯಲ್ಲಿ ತನ್ನ ಗಡಿಯನ್ನು ಕಾದುಕೊಂಡಳು. ಅವನೊಡನೆ ಯುದ್ಧವೂ ಆಯಿತು, ಬಳಿಕ ಸಂಧಿಯೂ ಆಯಿತು. ಕರಾವಳಿಯ ಪೋರ್ಚುಗೀಸರೊಡನೆ 1678ರಲ್ಲಿ ಒಪ್ಪಂದ ಮಾಡಿಕೊಂಡಳು. ಘಟ್ಟದ ಮೆಣಸೂ ಬಯಲಿನ ಅಕ್ಕಿಯೂ ಆ ವ್ಯಾಪಾರದ ಜೀವಾಳ. ಹೊನ್ನಾವರ, ಮಿರ್ಜಾನ್, ಕಲ್ಯಾಣಪುರ ಮೊದಲಾದ ಕಡೆ ಕ್ರೈಸ್ತರು ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅವಳ ಅನುಮತಿ ದೊರೆಯಿತು. ವರ್ತಕನ ಮಗಳಿಗೆ ವ್ಯಾಪಾರದ ಬೆಲೆ ತಿಳಿದಿತ್ತು. ಪರಧರ್ಮೀಯರನ್ನು ನೆಮ್ಮದಿಯಿಂದಿರಿಸಿದರೆ ಬಂದರುಗಳೂ ನೆಮ್ಮದಿಯಾಗಿರುತ್ತವೆಂಬ ವಿವೇಕವೂ ಇತ್ತು.

ಅವಳ ಹೆಸರನ್ನು ಕನ್ನಡನಾಡಿನ ಆಚೆಗೂ ಒಯ್ದ ಘಟನೆ 1689ರದು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಔರಂಗಜೇಬನು ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಕೊಲ್ಲಿಸಿದನು. ಕಿರಿಯ ಮಗ ರಾಜಾರಾಮ ದಕ್ಷಿಣದ ಜಿಂಜಿಯ ಕೋಟೆಯನ್ನು ಸೇರಲು ಹೊರಟು, ಜಂಗಮ ವೇಷದಲ್ಲಿ ಕೆಳದಿಯ ಸೀಮೆಗೆ ಬಂದನೆಂದು ಪ್ರತೀತಿ. ಅವನಿಗೆ ಆಶ್ರಯ ಕೊಡುವುದೆಂದರೆ ಹಿಂದೂಸ್ಥಾನದ ಚಕ್ರವರ್ತಿಯ ಕೋಪವನ್ನು ಮೈಮೇಲೆಳೆದುಕೊಳ್ಳುವುದೆಂದೇ ಅರ್ಥ. ಇದೇ ಮರಾಠರ ದಂಡು ಹಿಂದೆ ಕೆಳದಿಯ ಬಸರೂರು ಬಂದರನ್ನು ಸೂರೆಮಾಡಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಆದರೂ ಚೆನ್ನಮ್ಮಾಜಿ ಶರಣುಬಂದವನನ್ನು ಹಿಡಿದುಕೊಡಲಿಲ್ಲ; ಅವನನ್ನು ಕಾಪಾಡಿ ಮುಂದಕ್ಕೆ ದಾಟಿಸಿದಳು. ಮೊಗಲರ ಸೇನೆ ಬಂದಿತು. ನಮ್ಮ ಜನರ ಕಥೆ ಇಲ್ಲಿ ಪೂರ್ಣವಿಜಯವನ್ನು ಹಾಡುತ್ತದೆ. ಇತಿಹಾಸಕಾರರು ಕಾದಾಟವನ್ನೂ, ಮರಾಠಾ ಸೇನಾನಿ ಸಂತಾಜಿ ಘೋರ್ಪಡೆಯ ನೆರವನ್ನೂ, ಕೊನೆಗೆ ಅಲ್ಪ ದಂಡ ತೆತ್ತು ಆದ ಸಂಧಿಯನ್ನೂ ಹೇಳುತ್ತಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಫಲ ಒಂದೇ: ರಾಜಾರಾಮ ಜಿಂಜಿಯನ್ನು ಸೇರಿದನು, ಕೆಳದಿ ಉಳಿಯಿತು.

ಈ ಆಳ್ವಿಕೆಯ ನಡುವೆಯೇ ಚೆನ್ನಮ್ಮಾಜಿ ಬಸಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡಳು. ಅವನನ್ನು ಸಾಕಿ, ಓದಿಸಿ, ರಾಜ್ಯಭಾರಕ್ಕೆ ಅಣಿಮಾಡಿದಳು. ಈ ದತ್ತು ಸ್ವೀಕಾರಕ್ಕೆ ಅವಳು ಹೊರಗಿನ ಯಾವ ಪ್ರಭುವಿನ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ. ಅವಳ ತರುವಾಯ ಬಸಪ್ಪನಾಯಕ ಪಟ್ಟವೇರಿ 1714ರವರೆಗೆ ಆಳಿದನು. ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶದ ಕರ್ತೃ ಈತನೇ. ಧರ್ಮ, ರಾಜನೀತಿ, ಸಂಗೀತ, ಪಾಕಶಾಸ್ತ್ರ ಮೊದಲಾಗಿ ಅಂದಿನ ವಿದ್ಯೆಗಳೆಲ್ಲವನ್ನೂ ಒಳಗೊಳ್ಳಹೊರಟ ಗ್ರಂಥವದು. ಕೆಳದಿಯ ಅರಸುಗಳ ಚರಿತ್ರೆಯೂ ಅದರಲ್ಲಿ ಸೇರಿದೆ. ರಾಣಿಯೊಬ್ಬಳು ತಾನು ಹೆರದ ಮಗನ ಮೂಲಕ ನಾಡಿನ ಅರಸುತನವನ್ನೂ ವಿದ್ಯೆಯನ್ನೂ ಉಳಿಸಿದಳೆಂದರೆ ಅದಕ್ಕಿಂತ ದೊಡ್ಡ ಸಮರ್ಥನೆ ಆ ದತ್ತಿಗೆ ಬೇಕಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೂ ಆ ರಾಜ್ಯ ನಡೆಯಿತು.

ಹೈದರನು ಬಿದನೂರನ್ನು ಗೆದ್ದ ಹದಿನೈದು ವರ್ಷಗಳ ತರುವಾಯ, 1778ರಲ್ಲಿ, ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ದೇಸಾಯಿಯೊಬ್ಬನ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಚೆನ್ನಮ್ಮನೆಂದೇ ಹೆಸರಾಯಿತು. ಅವಳು ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಎರಡನೆಯ ಹೆಂಡತಿಯಾಗಿ ಬಂದಳು. ಕಿತ್ತೂರು ಕೆಳದಿಯಂತೆ ದೊಡ್ಡ ರಾಜ್ಯವಲ್ಲ. ಒಂದು ಕಡೆ ಮೈಸೂರಿನ ಟೀಪು, ಇನ್ನೊಂದು ಕಡೆ ಪುಣೆಯ ಪೇಶ್ವೆ, ಇವರಿಬ್ಬರ ನಡುವೆ ಉಸಿರುಹಿಡಿದು ಬದುಕಿದ ಸಂಸ್ಥಾನವದು. ಮಲ್ಲಸರ್ಜನು ಇಬ್ಬರ ಕೈಯಲ್ಲಿಯೂ ಸೆರೆಯ ಕಷ್ಟವನ್ನು ಉಂಡು 1816ರಲ್ಲಿ ತೀರಿಕೊಂಡನು. ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದನು. 1818ರಲ್ಲಿ ಪೇಶ್ವೆಯ ಪ್ರಭುತ್ವ ಮುಗಿದು, ಕಿತ್ತೂರು ಇಂಗ್ಲಿಷರ ಕಂಪನಿ ಸರಕಾರಕ್ಕೆ ಕಪ್ಪ ಕೊಡುವ ಸಂಸ್ಥಾನವಾಯಿತು.

ಸವತಿಯ ಮಗನಾದರೂ ಶಿವಲಿಂಗರುದ್ರಸರ್ಜ ಚೆನ್ನಮ್ಮನ ಪಾಲಿಗೆ ಸ್ವಂತ ಮಗನೇ ಆಗಿದ್ದನು. ಅವನಿಗೆ ಸಂತಾನವಿರಲಿಲ್ಲ, ದೇಹಸ್ಥಿತಿಯೂ ಕೆಟ್ಟಿತ್ತು. 1824ರ ಸೆಪ್ಟೆಂಬರ್ 11ರಂದು ಅವನು ತೀರಿಕೊಂಡನು. ಸಾವಿಗೆ ಮುನ್ನ ಅವನು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡನೆಂದು ಕಿತ್ತೂರು ಕಂಪನಿ ಸರಕಾರಕ್ಕೆ ತಿಳಿಸಿತು. ಧಾರವಾಡದಲ್ಲಿ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆ ಅದನ್ನು ನಂಬಲಿಲ್ಲ. ಪತ್ರದ ರುಜುವಿನಲ್ಲಿ ಅವನಿಗೆ ಸಂಶಯ; ದೇಸಾಯಿ ಸತ್ತ ಮೇಲೆ ದತ್ತಕದ ಮಾತು ಹುಟ್ಟಿತೆಂದು ಅವನ ಅನುಮಾನ. ಅವನು ಕಿತ್ತೂರಿನ ಭಂಡಾರಕ್ಕೆ ಮೊಹರು ಹಾಕಿಸಿ ತನ್ನ ಕಾವಲು ಇರಿಸಿದನು.

ರುಜು ನಿಜವೋ ಅಲ್ಲವೋ ಎಂಬ ಚರ್ಚೆಯ ಹಿಂದೆ ಬೇರೊಂದು ಪ್ರಶ್ನೆ ಅಡಗಿತ್ತು. ಕೆಳದಿಯ ಚೆನ್ನಮ್ಮಾಜಿಯ ಕಾಲದಲ್ಲಿ ದತ್ತು ಎಂಬುದು ಮನೆತನಕ್ಕೂ ಧರ್ಮಕ್ಕೂ ನಾಡಿಗೂ ಸಂಬಂಧಿಸಿದ ಸಂಗತಿ. ಈಗ ಅದು ಕಚೇರಿಯ ಕಾಗದವಾಗಿತ್ತು. ಮೇಲಿನವರ ಒಪ್ಪಿಗೆಯ ಮುದ್ರೆಯಿಲ್ಲದೆ ಮಗನು ಮಗನಾಗಲಾರನು, ಗಾದಿ ಗಾದಿಯಾಗಿ ಉಳಿಯಲಾರದು. ದತ್ತುಮಕ್ಕಳ ಹಕ್ಕನ್ನು ತಳ್ಳಿಹಾಕಿ ಸಂಸ್ಥಾನಗಳನ್ನು ನುಂಗುವ ನೀತಿಗೆ ಡಾಲ್‌ಹೌಸಿಯ ಹೆಸರು ಅಂಟಿಕೊಂಡಿದೆ. ಅವನು ಗವರ್ನರ್ ಜನರಲ್ ಆಗಿ ಬಂದುದು 1848ರಲ್ಲಿ. ಝಾನ್ಸಿಯ ರಾಣಿ ಕತ್ತಿಹಿಡಿದುದು ಅದಕ್ಕೂ ತರುವಾಯ. ಕಿತ್ತೂರಿನ ಬಾಗಿಲಿಗೆ ಅದೇ ನೀತಿ ಅದಕ್ಕಿಂತ ಇಪ್ಪತ್ತನಾಲ್ಕು ವರ್ಷ ಮೊದಲೇ ಬಂದು ನಿಂತಿತ್ತು.

ಚೆನ್ನಮ್ಮ ಮೊದಲು ಹಿಡಿದುದು ಕತ್ತಿಯನ್ನಲ್ಲ, ಲೇಖನಿಯನ್ನು. ಮುಂಬಯಿಯ ಗವರ್ನರನಾಗಿದ್ದ ಎಲ್ಫಿನ್‌ಸ್ಟನ್ನನಿಗೆ ಬರೆಯಿಸಿ ತನ್ನ ಅಹವಾಲನ್ನು ಮುಂದಿಟ್ಟಳು. ಅದು ಫಲಿಸಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಬಾಗಿಲು ತೆರೆಯಬೇಕೆಂದು ತೋಪುಗಳನ್ನು ಮುಂದಿಟ್ಟುಕೊಂಡು ನಿಂತನು. ಬಾಗಿಲು ತೆರೆಯಿತು, ಆದರೆ ಹೊರಬಂದುದು ಶರಣಾಗತಿಯಲ್ಲ, ಕಿತ್ತೂರಿನ ಸೇನೆ. ಆ ದಿನದ ಕಾಳಗದಲ್ಲಿ ಥ್ಯಾಕರೆ ಮಡಿದನು. ಅಮಟೂರು ಬಾಳಪ್ಪನ ಗುಂಡಿಗೆ ಅವನು ಬಿದ್ದನೆಂದು ನಾಡು ನೆನೆಯುತ್ತದೆ. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬಿಬ್ಬರು ಸೆರೆಸಿಕ್ಕಿದರು.

ಈ ಸೆರೆಯಾಳುಗಳ ಪ್ರಸಂಗವನ್ನು ನಾವು ಗಮನಿಸುವುದು ಕಡಮೆ. ಅವರನ್ನು ಕೊಲ್ಲಲಿಲ್ಲ, ಹಿಂಸಿಸಲಿಲ್ಲ. ಡಿಸೆಂಬರಿನಲ್ಲಿ ಸುರಕ್ಷಿತವಾಗಿ ಬಿಟ್ಟುಕೊಟ್ಟರು. ಅಂದು ಬದುಕಿ ಮರಳಿದ ತರುಣ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ಸೀಮೆಯ ಶಾಸನಗಳನ್ನು ನೂರುಗಟ್ಟಲೆ ಪ್ರತಿಮಾಡಿಸಿ, ಚಾಲುಕ್ಯರ ಚರಿತ್ರೆಯನ್ನು ಬೆಳಕಿಗೆ ತಂದವರಲ್ಲಿ ಮೊದಲಿಗನಾದನು. ಕಿತ್ತೂರಿನ ಸೆರೆಯಲ್ಲಿ ಅವನ ತಲೆಯೊಂದು ಉರುಳಿದ್ದರೆ ನಮ್ಮ ಇತಿಹಾಸದ ಎಷ್ಟೋ ಪುಟಗಳು ತಡವಾಗಿ ತೆರೆಯುತ್ತಿದ್ದವು. ಶತ್ರುವಿಗೆ ತೋರಿದ ಸಂಯಮ ನಾಡಿನ ವಿದ್ಯೆಗೇ ಉಪಕಾರವಾಗಿ ಪರಿಣಮಿಸಿತು.

ಆದರೆ ಕಂಪನಿ ಸರಕಾರ ಈ ಸಂಯಮಕ್ಕೆ ಮಣಿಯಲಿಲ್ಲ. ಕಮಿಷನರ್ ಚಾಪ್ಲಿನ್ನನ ನೇತೃತ್ವದಲ್ಲಿ ದೊಡ್ಡ ಸೇನೆ ಬಂದು ಮುತ್ತಿತು. ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯ ಗೋಡೆ ಒಡೆಯಿತು, ಕಿತ್ತೂರು ಬಿದ್ದಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ನಾಲ್ಕು ವರ್ಷಗಳಿಗೂ ಮಿಗಿಲಾದ ಬಂಧನದ ತರುವಾಯ, 1829ರ ಫೆಬ್ರವರಿಯಲ್ಲಿ, ಅಲ್ಲಿಯೇ ಅವಳ ಪ್ರಾಣ ಹೋಯಿತು. ದತ್ತುಪುತ್ರನ ಪ್ರಶ್ನೆ ಮಾತ್ರ ಅವಳೊಡನೆ ಮಣ್ಣಾಗಲಿಲ್ಲ. ಮರುವರ್ಷ ಸಂಗೊಳ್ಳಿ ರಾಯಣ್ಣ ರೈತರನ್ನು ಕೂಡಿಸಿಕೊಂಡು ದಂಗೆಯೆದ್ದುದು ಅದೇ ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂರಿಸಬೇಕೆಂದು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ನೇಣಿಗೇರಿಸಿದರು.

ಕಿತ್ತೂರಿನ ರಾಣಿಗೆ ತರುವಾಯದ ಕಾಲ ಸಾಕಷ್ಟು ಗೌರವವನ್ನು ಸಲ್ಲಿಸಿದೆ. 1961ರಲ್ಲಿ ಬಿ. ಆರ್. ಪಂತುಲು ಅವರ ಚಲನಚಿತ್ರ ಅವಳ ಕಥೆಯನ್ನು ಊರೂರಿಗೆ ಒಯ್ದಿತು, ಬಿ. ಸರೋಜಾದೇವಿಯವರ ಅಭಿನಯದ ಮೂಲಕ ಅವಳಿಗೊಂದು ಮುಖ ದೊರೆಯಿತು. 2007ರಲ್ಲಿ ದೆಹಲಿಯ ಸಂಸತ್ತಿನ ಆವರಣದಲ್ಲಿ ಅವಳ ಪ್ರತಿಮೆ ನಿಂತಿತು; 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾನಿಲಯ ಅವಳ ಹೆಸರನ್ನು ಪಡೆಯಿತು. ಕೆಳದಿಯ ಚೆನ್ನಮ್ಮಾಜಿಯ ಹೆಸರು ಅಷ್ಟು ದೂರ ಹೋಗಲಿಲ್ಲ. ಲಿಂಗಣ್ಣ ಕವಿಯ ಕೆಳದಿನೃಪವಿಜಯದಲ್ಲಿಯೂ, ಅವಳಿಂದ ಹೆಸರು ಪಡೆದುದೆಂದು ಹೇಳುವ ಚನ್ನಗಿರಿಯಲ್ಲಿಯೂ, ವಿದ್ವಾಂಸರ ಗ್ರಂಥಗಳಲ್ಲಿಯೂ ಅದು ಸದ್ದಿಲ್ಲದೆ ಉಳಿದಿದೆ. ಗೆದ್ದವಳಿಗಿಂತ ಸೋತವಳನ್ನು ಜನ ಹೆಚ್ಚಾಗಿ ಹೃದಯದಲ್ಲಿಟ್ಟುಕೊಂಡರೆ ಆಶ್ಚರ್ಯವಿಲ್ಲ. ಕೆಳದಿಯ ರಾಣಿಯ ಕೆಲಸ ಅವಳ ಕಾಲದಲ್ಲಿಯೇ ಪೂರ್ಣಗೊಂಡಿತು. ಕಿತ್ತೂರಿನ ರಾಣಿಯ ಕೆಲಸವನ್ನು ಮುಂದಿನವರು ಪೂರೈಸಬೇಕಾಯಿತು.

ಒಬ್ಬಳ ಸಮಾಧಿ ನಗರದ ಬಳಿಯ ಕೊಪ್ಪಲು ಮಠದಲ್ಲಿದೆ, ಇನ್ನೊಬ್ಬಳದು ಬೈಲಹೊಂಗಲದಲ್ಲಿದೆ. ಒಂದು ಮಲೆನಾಡಿನ ಮಳೆಯಲ್ಲಿ ಪಾಚಿಗಟ್ಟುವ ನೆಲ, ಇನ್ನೊಂದು ಬಿಸಿಲಿಗೆ ಬಿರಿಯುವ ಕರಿಯ ನೆಲ. ಎರಡನ್ನೂ ಒಂದೇ ನಾಡಾಗಿ ಕಾಣಬಲ್ಲ ಕಾಲದಲ್ಲಿ ನಾವಿದ್ದೇವೆ. ಹೆಸರು ಒಂದಾದುದರಿಂದ ಇಬ್ಬರನ್ನೂ ಒಬ್ಬಳೆಂದು ಬೆರೆಸಿಬಿಡುವುದು ಇಬ್ಬರಿಗೂ ಅನ್ಯಾಯ. ಆಳುವುದು ಹೇಗೆಂದು ತೋರಿದವಳು ಒಬ್ಬಳು. ಆಳುವ ಹಕ್ಕು ಯಾರದೆಂದು ಕೇಳಿದವಳು ಇನ್ನೊಬ್ಬಳು. ನಮ್ಮ ಮಕ್ಕಳು ಚೆನ್ನಮ್ಮನ ಕಥೆಯನ್ನು ಕೇಳಿದಾಗ, ಯಾವ ಚೆನ್ನಮ್ಮನದೆಂದು ಅವರೇ ತಿರುಗಿ ಕೇಳುವಂತಾಗಬೇಕು.